ಹಿಮದಲ್ಲಿ ನನ್ನ ಹೆಂಡತಿಯ ಮೊಣಕಾಲು

ಇಪ್ಪತ್ತೆರಡು ವರ್ಷ ದುಬೈಯ ಸೆಕೆಯಲ್ಲಿ ಬೆಂದವರು ಚಳಿಯ ದೇಶಕ್ಕೆ ಹೊರಟರೆ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ನಮಗೆ ಸಾಲುಸಾಲಾಗಿ ಆಯಿತು.

ಕಳೆದ ಚಳಿಗಾಲದ ರಜೆಯಲ್ಲಿ ಮಗಳಿಗೆ ಆಲ್ಪ್ಸ್‌ನಲ್ಲಿ ಸ್ಕೀ ಕಲಿಯಬೇಕಿತ್ತು. ನನಗೆ ಸ್ಕೀ ಬಾರದು. ಹೆಂಡತಿಗೆ ಹಿಂದಿನ ವರ್ಷವಷ್ಟೇ ಮೊಣಕಾಲಿನ ಆಪರೇಷನ್ ಆಗಿತ್ತು. ಡಾಕ್ಟರು, “ಸ್ಕೀ ಖಲಾಸ್. ನಡೆಯಬಹುದು, ಆದರೆ ಬೀಳಲೇಬಾರದು” ಎಂದಿದ್ದರು.

“ಉಮ್ಮಾ, ಯು ಜಸ್ಟ್ ರಿಲ್ಯಾಕ್ಸ್ ಇನ್ ದ ಹೋಟೆಲ್” ಎಂದಳು ಮಗಳು.

“ಹೋಟೆಲ್ ಕಾಯ್ಲಿಕ್ಕೆ ನಾನೆಂತ ವಾಚ್‌ಮ್ಯಾನಾ? ಜೀವಮಾನದಲ್ಲಿ ಒಮ್ಮೆ ಹಿಮದ ಮೇಲೆ ನನ್ನ ಕಾಲಲ್ಲೇ ನಡೀಬೇಕು” ಎಂದಳು ಇವಳು. ಸ್ಕೀ ಬಾರದವರಿಗಾಗಿ ಅಲ್ಲಿ ಹಿಮವನ್ನು ಒತ್ತಿ ಸಮ ಮಾಡಿದ ಕಾಲುದಾರಿಗಳು ಇರುತ್ತವಂತೆ. ಅದರಲ್ಲೊಂದು ದೊಡ್ಡ ಹಿಮನದಿಯ ಎದುರಿಗೇ ಹೋಗಿ ನಿಲ್ಲುತ್ತದಂತೆ. ಅದನ್ನು ನೋಡದೆ ತಾನು ವಾಪಸ್ ಬರುವುದಿಲ್ಲ ಎಂದು ಹಟ ಹಿಡಿದಳು. ನನಗೋ ಅವಳು ಬಿದ್ದರೆ ಗತಿಯೇನು ಎಂಬ ಒಂದೇ ಹೆದರಿಕೆ.

ಮೈನಸ್ ಹದಿನೆಂಟು

ದುಬೈಯ ಜೆಬೆಲ್ ಅಲಿ ಬಂದರಿನ ಹತ್ತಿರ ಮೀನಿನ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ನಾನು ಸೂಪರ್‌ವೈಸರ್. ಚಳಿ ಅಭ್ಯಾಸ ಮಾಡಿಸಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು? ದುಬೈಯಲ್ಲಿ ಮಾಲಿನೊಳಗೇ ನಕಲಿ ಹಿಮದ ಬೆಟ್ಟ ಮಾಡಿಟ್ಟಿದ್ದಾರೆ, ಆದರೆ ಅದರ ಟಿಕೆಟ್ ದುಬಾರಿ; ಇಲ್ಲಾದರೆ ಬಿಟ್ಟಿ. ಮ್ಯಾನೇಜರರ ಕೈಕಾಲು ಹಿಡಿದು ಅನುಮತಿ ಪಡೆದೆ. ಗೇಟಿನ ಪುಸ್ತಕದಲ್ಲಿ ಭೇಟಿಯ ಉದ್ದೇಶ ಎಂಬಲ್ಲಿ ‘ವಾಕಿಂಗ್’ ಎಂದು ಬರೆದೆ. ಸೆಕ್ಯೂರಿಟಿಯವನು ಅದನ್ನು ಎರಡು ಸಲ ಓದಿದ.

ಬುರ್ಖಾದ ಮೇಲೆ ಕಂಪನಿ ನನಗೆ ಕೊಟ್ಟಿದ್ದ ದಪ್ಪ ಜಾಕೆಟ್ ಹಾಕಿಕೊಂಡು ಇವಳು ಸೀಗಡಿ ಪೆಟ್ಟಿಗೆಗಳ ಸಾಲಿನಲ್ಲಿ ಹತ್ತು ಸುತ್ತು ಹೊಡೆದಳು. ಅವಳಿಗೇನೂ ಆಗಲಿಲ್ಲ. ಜೊತೆಗೆ ಬಂದ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಹೊರಗೆ ಬಂದು ಅವಳು ಕೇಳಿದ್ದು ಒಂದೇ ಪ್ರಶ್ನೆ.

“ಚಳಿ ಎಲ್ಲ ತಡ್ಕೊಳ್ಬಹುದು ಮಾರಾಯ್ರೆ. ಆದ್ರೆ ಅಲ್ಲಿ ಸಹ ಇಷ್ಟೇ ಮೀನಿನ ವಾಸನೆ ಉಂಟಾ?”

ನಲವತ್ತೈದು ನಿಮಿಷ

ಮೊದಲ ದಿನ ಮಗಳನ್ನು ಸ್ಕೀ ಕ್ಲಾಸಿಗೆ ಬಿಟ್ಟು ಹೊರಟೆವು. ಸುತ್ತ ಎಲ್ಲಿ ನೋಡಿದರೂ ಬಿಳುಪು. ಬಾಯಿ ಬಿಟ್ಟುಕೊಂಡು ನೋಡುತ್ತಾ ಬಂದವರಿಗೆ ಕಾಲುದಾರಿಯ ಬಾಯಲ್ಲಿ ಒಂದು ಹಳದಿ ಬೋರ್ಡು ಕಂಡಿತು. ಒಂದು ಊರಿನ ಹೆಸರು, ಅದರ ಮುಂದೆ ‘45 ನಿಮಿಷ’. ಪಕ್ಕದಲ್ಲೇ ಬೆಂಚು.

ದುಬೈಯಲ್ಲಿ ನಮ್ಮ ಮನೆಯಿರುವ ಅಲ್ ಬರ್ಷಾದ ಮೆಟ್ರೋ ಸ್ಟೇಷನ್ನಿನಲ್ಲಿ ಮುಂದಿನ ಗಾಡಿಗೆ ಎಷ್ಟು ನಿಮಿಷ ಎಂದು ಬೋರ್ಡಿನಲ್ಲಿ ಬರುತ್ತದೆ. ಇಲ್ಲಿ ಬಸ್ಸಿಗೆ ಮುಕ್ಕಾಲು ಗಂಟೆ ಇದೆ ಎಂದುಕೊಂಡು ಕೂತೆವು. ಫ್ಲಾಸ್ಕಿನ ಸುಲೈಮಾನಿ ಚಹಾ ಮುಗಿಯಿತು, ಖರ್ಜೂರವೂ ಮುಗಿಯಿತು. ಒಂದು ಗಂಟೆಯಾದರೂ ಬೋರ್ಡು ‘45’ ಎಂದೇ ಹೇಳುತ್ತಿತ್ತು.

“ಇಷ್ಟು ಶ್ರೀಮಂತ ದೇಶ, ಒಂದು ಬೋರ್ಡ್ ರಿಪೇರಿ ಮಾಡ್ಲಿಕ್ಕೆ ಆಗುದಿಲ್ಲವಾ?” ಎಂದು ಇವಳು ಗೊಣಗಿದಳು.

ನಾಯಿ ಹಿಡಿದುಕೊಂಡು ಬಂದ ಮುದುಕರೊಬ್ಬರನ್ನು ಬಸ್ಸು ಎಷ್ಟು ಹೊತ್ತಿಗೆ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವರು ಬೋರ್ಡು ನೋಡಿದರು, ನಮ್ಮನ್ನು ನೋಡಿದರು, ಆಮೇಲೆ ಬಹಳ ಮರ್ಯಾದೆಯಿಂದ ನನ್ನ ಬೂಟುಗಳತ್ತ ಬೆರಳು ತೋರಿಸಿದರು. “ಬಸ್ಸು ಆಗಲೇ ಬಂದಿದೆ. ನೀವು ಹೊರಡಿಸಬೇಕು, ಅಷ್ಟೇ.”

ನೆರಳು

ಬೋರ್ಡಿನ ನಿಮಿಷ ಎಂದರೆ ನಡಿಗೆಯ ಲೆಕ್ಕ ಎಂದು ಮರುದಿನದ ಹೊತ್ತಿಗೆ ಗೊತ್ತಾಗಿತ್ತು. ಆದರೆ ನಮಗೊಂದು ದುಬೈ ಚಾಳಿ ಅಂಟಿಕೊಂಡಿದೆ. ಅಲ್ಲಿ ಕಾರಿನಿಂದ ಮರಕ್ಕೆ, ಮರದಿಂದ ಕಟ್ಟಡಕ್ಕೆ, ಹೀಗೆ ನೆರಳು ಹಿಡಿದುಕೊಂಡೇ ನಡೆಯುವುದು. ಆ ಕಾಲುದಾರಿಯಲ್ಲೂ ಅರ್ಧಕ್ಕೆ ಚಂದದ ಎಳೆಬಿಸಿಲು, ಇನ್ನರ್ಧಕ್ಕೆ ಪೈನ್ ಮರಗಳ ನೆರಳು. ಊರವರೆಲ್ಲ ಬಿಸಿಲಲ್ಲಿ ಹೋಗುತ್ತಿದ್ದರೆ ನಾವಿಬ್ಬರು ಮಾತ್ರ ಶಿಸ್ತಾಗಿ ನೆರಳಿನಲ್ಲಿ.

ನೆರಳಿನಲ್ಲಿ ಹಿಮ ಕರಗದೆ ಗಾಜಿನ ಹಾಗೆ ಗಟ್ಟಿಯಾಗಿರುತ್ತದೆ ಎಂದು ಯಾರಿಗೆ ಗೊತ್ತು? “ನಿನ್ನ ಕಾಲು ಜೋಪಾನ” ಎಂದು ಹೇಳುತ್ತಲೇ ನಾನು ದೊಪ್ಪನೆ ಬಿದ್ದೆ. ಇವಳು ಹೋಟೆಲಿನವರು ನಡೆಯಲು ಕೊಟ್ಟಿದ್ದ ಎರಡು ಕೋಲು ಊರಿಕೊಂಡು ಕಂಬದ ಹಾಗೆ ನಿಂತೇ ಇದ್ದಳು.

ಆಚೆಯಿಂದ ಒಬ್ಬ ಅಜ್ಜಿ, “ಅಲ್ಲಿ ಬೇಡ, ಬಿಸಿಲಿಗೆ ಬನ್ನಿ, ಬಿಸಿಲಿಗೆ!” ಎಂದು ಕೈ ಬೀಸಿ ಕೂಗಿದರು.

ಇವಳಿಗೆ ನನ್ನ ಸೊಂಟದ ಚಿಂತೆಯೇ ಇಲ್ಲ. “ಕೇಳಿದ್ರಾ? ಬಿಸಿಲಿಗೆ ಬನ್ನಿ ಅಂತ ಬುದ್ಧಿ ಹೇಳುವವರನ್ನು ನಾನು ಹುಟ್ಟಿದ ಮೇಲೆ ಇವತ್ತೇ ನೋಡಿದ್ದು!”

ಕೊನೆಯ ದಿನ

ಹಿಮನದಿಯ ದಾರಿಯನ್ನು ಕೊನೆಯ ದಿನಕ್ಕೆ ಇಟ್ಟುಕೊಂಡಿದ್ದೆವು. ಕೇಬಲ್ ಕಾರಿನಲ್ಲಿ ಅರ್ಧ ಬೆಟ್ಟ, ಆಮೇಲೆ ಒಂದು ಗಂಟೆ ಏರು. ಅರ್ಧ ದಾರಿಯಲ್ಲಿ ಅವಳ ಮೊಣಕಾಲು ತಕರಾರು ತೆಗೆಯಿತು. ಅವಳು ಬೆಂಚಿನ ಮೇಲೆ ಕೂತು ಕಾಲು ನೀವಿಕೊಂಡಳು. ಮುಖ ಬಿಳಿಚಿಕೊಂಡಿತ್ತು.

“ಸಾಕು, ಇಳಿಯುವ” ಎಂದೆ.

“ನೀವು ಇಳೀರಿ. ನನಗೆ ಇನ್ನೊಮ್ಮೆ ಬರ್ಲಿಕ್ಕೆ ಈ ಕಾಲು ಇರ್ತದಾ ಅಂತ ಯಾರಿಗೆ ಗೊತ್ತು?” ಎಂದು ಕೋಲು ಹಿಡಿದು ಎದ್ದಳು. ಹತ್ತು ಹೆಜ್ಜೆ, ಒಂದು ನಿಲುಗಡೆ. ಹತ್ತು ಹೆಜ್ಜೆ, ಒಂದು ನಿಲುಗಡೆ. ನಾನು ಹಿಂದಿನಿಂದ ಗೊತ್ತಿದ್ದ ದುವಾಗಳನ್ನೆಲ್ಲ ಹೇಳುತ್ತಾ ಬಂದೆ.

ಕೊನೆಯ ತಿರುವು ದಾಟಿದಾಗ ಎದುರಿಗೆ ಅದು ಇತ್ತು. ಆಕಾಶದಿಂದ ಇಳಿದು ಬಂದ ನೀಲಿ ಬಿಳುಪಿನ ಒಂದು ಹೆದ್ದಾರಿ. ಸುತ್ತಲೂ ಶಿಖರಗಳು. ಒಂದು ಸದ್ದಿಲ್ಲ. “ಸುಬ್‌ಹಾನಲ್ಲಾಹ್” ಎಂದಳು. ಅವಳ ಕಣ್ಣಲ್ಲಿ ನೀರು. ಸುಳ್ಳು ಯಾಕೆ ಹೇಳಲಿ, ನಾನೂ ಅತ್ತೆ. ಮನುಷ್ಯ ಎಷ್ಟು ಸಣ್ಣವನು ಎಂದು ನನಗೆ ಅಷ್ಟು ಸ್ಪಷ್ಟವಾಗಿ ಯಾವತ್ತೂ ಅನಿಸಿರಲಿಲ್ಲ.

ಈ ಸಂತೋಷವನ್ನು ಯಾರಿಗಾದರೂ ಹೇಳದಿದ್ದರೆ ಇವಳ ಎದೆ ಒಡೆಯುತ್ತಿತ್ತು. ಅಲ್ ಬರ್ಷಾದ ನಮ್ಮ ಪಕ್ಕದ ಫ್ಲ್ಯಾಟಿನ ಗೆಳತಿಗೆ ವಿಡಿಯೋ ಕಾಲ್ ಹಚ್ಚಿ, ಫೋನನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿ, ಹಿಮನದಿಯನ್ನು ಬುಡದಿಂದ ತುದಿಯವರೆಗೆ ತೋರಿಸಿದಳು.

ಆ ಕಡೆಯಿಂದ ಅಡುಗೆಮನೆಯ ಕುಕ್ಕರ್ ಸೀಟಿಯ ಜೊತೆ ಮಾತು ಬಂತು. “ಅಯ್ಯೋ, ಎಷ್ಟು ಚಂದ ಮಾಡಿದ್ದಾರೆ! ಯಾವ ಮಾಲಲ್ಲಿ?”

ಇವಳು ಮೇಲೆ ಆಕಾಶವನ್ನೊಮ್ಮೆ ನೋಡಿದಳು.

“ಇದಕ್ಕೆ ಸೀಲಿಂಗೇ ಇಲ್ಲ ಮಾರಾಯ್ತಿ!”