ಕರೆಂಟ್ ಇಲ್ಲದೆ ಓಡಿದ ಮಗ್ಗ

ಅಥವಾ ಅದು ಶನಿವಾರವೇ ಅಲ್ಲದಿರಬಹುದು. ಶನಿವಾರ ಎಂದು ನಾನು ಹೇಳುತ್ತ ಬಂದಿರುವುದು ನಿಜ; ಹತ್ತು ಸಲ ಹೇಳಿದ್ದು ಹನ್ನೊಂದನೆಯ ಸಲಕ್ಕೆ ನೆನಪಾಗಿಬಿಡುತ್ತದೆ, ಅಷ್ಟೆ. ಡೈರಿ ನೋಡೋಣವೆಂದರೆ, ಅದರ ಗತಿಯನ್ನು ಮುಂದೆ ಹೇಳುತ್ತೇನೆ. ಇಲಿ ಕಳೆದದ್ದಂತೂ ಖಂಡಿತ.

ಇಲಿ ಎಂದರೆ ನನ್ನ ಅಕ್ಕನ ಮಗಳು ಸಿಂಚನಾಳಿಗೆ ಕೋಪ ಬರುತ್ತದೆ. ಅದು ಜೆರ್ಬಿಲ್, ಮರಳುಗಾಡಿನ ಪ್ರಾಣಿ. ನಾಲ್ಕು ದಿನ ಪರವೂರಿಗೆ ಹೋಗುವಾಗ ಅದನ್ನು ಗಾಜಿನ ಪೆಟ್ಟಿಗೆ ಸಮೇತ ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಬಿಟ್ಟು, "ಮಾಮ, ಅದು ನೀರು ಜಾಸ್ತಿ ಕುಡಿಯಲ್ಲ, ಮರಳಲ್ಲೇ ಹೊರಳಿ ಸ್ನಾನ ಮಾಡುತ್ತೆ. ನೀವೇನೂ ಮಾಡ್ಬೇಡಿ, ಅಷ್ಟು ಸಾಕು" ಎಂದಳು. ಏನೂ ಮಾಡದಿರುವುದರಲ್ಲಿ ನನಗೆ ಇಪ್ಪತ್ತು ವರ್ಷದ ಕಚೇರಿ ಅನುಭವವಿದೆ. ಆದರೂ ಬಾಯಾರಿದ ಜೀವ ಎನ್ನಿಸಿ ಕೊನೆಯ ದಿನ ಬಟ್ಟಲಲ್ಲಿ ನೀರಿಟ್ಟೆ. ಪೆಟ್ಟಿಗೆಯ ಮುಚ್ಚಳ ಹಾಕಲು ಮರೆತೆ. ಅಥವಾ ಹಾಕಿದ್ದೆ. ಹೆಂಡತಿ ಸುಮಾ ಹಾಕಿರಲಿಲ್ಲ ಎನ್ನುತ್ತಾಳೆ.

ಸಂಜೆಗೆ ಸಿಂಚನಾ ಬರುವವಳು. ಮಂಚದಡಿ, ರಾಗಿ ಡಬ್ಬದ ಹಿಂದೆ, ಎಲ್ಲ ಕಡೆ ಹುಡುಕಿದೆವು. ಹೆದರಿದರೆ ಅದು ಹಿಂಗಾಲಿನಿಂದ ನೆಲ ಬಡಿಯುತ್ತದಂತೆ. ಆದರೆ ನಮ್ಮದು ಮಗ್ಗದವರ ಬೀದಿ. ಇಡೀ ಬೀದಿಯೇ ಬೆಳಗಿನಿಂದ ನೆಲ ಬಡಿಯುತ್ತದೆ. ಅದರೊಳಗೆ ಒಂದು ಇಲಿಯ ಕಾಲಿನ ಸದ್ದು ಹುಡುಕುವುದೆಂದರೆ ಮದುವೆಯ ಓಲಗದಲ್ಲಿ ಮದುಮಗನ ಹೊಟ್ಟೆ ಗುರುಗುಟ್ಟುವುದನ್ನು ಕೇಳಹೊರಟಂತೆ.

ಮೂರು ಗಂಟೆಗೆ ಕರೆಂಟ್ ಹೋಯಿತು. ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಪಕ್ಕದ ಮನೆಯ ನೇಕಾರ ನಂಜುಂಡಪ್ಪನವರು ಎಂದಿನಂತೆ ಹರಟೆಗೆ ಬಂದು ಕುಳಿತವರು ತಟ್ಟನೆ ಕತ್ತು ಓರೆ ಮಾಡಿದರು.

"ಯಾವನ್ದೋ ಮಗ್ಗ ಓಡ್ತಾ ಐತಲ್ಲಪ್ಪ."

"ಕರೆಂಟ್ ಇಲ್ವಲ್ಲಣ್ಣ."

"ಅದನ್ನೇ ನಾನೂ ಹೇಳ್ತಿರೋದು. ನಂಗಿಲ್ದಿರೋ ಕರೆಂಟು ಅವ್ನಿಗೆ ಎಲ್ಲಿಂದ ಬಂತು?"

ಹೊಟ್ಟೆಯುರಿಯೇ ದಾರಿ ತೋರಿಸಿತು. ಸದ್ದಿನ ಜಾಡು ಹಿಡಿದು ಹೊರಟವರು ಬೀದಿಗೆ ಹೋಗದೆ ಒಳಗೆ ಬಂದು, ಬಾಗಿಲು ಸರಿಯಾಗಿ ಮುಚ್ಚದ ನಮ್ಮ ಕಪಾಟಿನ ಮುಂದೆ ನಿಂತರು. ಕೆಳಗಿನ ಅರೆಯಲ್ಲಿ, ನನ್ನ ಡೈರಿಯನ್ನು ಎಳೆಎಳೆಯಾಗಿ ಸೀಳಿ ಮಾಡಿಕೊಂಡ ಗೂಡಿನಲ್ಲಿ ಕುಳಿತು, ಅದು ಕಾಲು ಬಡಿಯುತ್ತಿತ್ತು. ಎಳೆ ಒಂದೇ ಸಮ ಬಂದಿದೆಯೆಂದು ನಂಜುಂಡಪ್ಪನವರು ಮೆಚ್ಚಿದರು. ಸುಮಾ ಅದನ್ನು ಸೆರಗಿನಲ್ಲಿ ಎತ್ತಿ ಪೆಟ್ಟಿಗೆಗೆ ಬಿಟ್ಟು, ಮುಚ್ಚಳವನ್ನು ನನ್ನ ಕೈಯಿಂದ ಬಿಚ್ಚಲಾಗದಂತೆ ಕಟ್ಟಿದಳು. ನನಗೆ ಎಷ್ಟು ನಿರಾಳವಾಯಿತೆಂದರೆ, ಡೈರಿ ಹೋದದ್ದೂ ಒಳ್ಳೆಯದೇ ಎನ್ನಿಸಿತು. ನನ್ನ ಮಾತನ್ನು ಸುಳ್ಳು ಎನ್ನಲು ಮನೆಯಲ್ಲಿ ಇನ್ನು ಸುಮಾ ಒಬ್ಬಳೇ.

ಸಂಜೆ ಬಂದ ಸಿಂಚನಾ, "ಏನೂ ಮಾಡ್ಲಿಲ್ಲ ತಾನೆ, ಮಾಮ?" ಎಂದಳು. ಏನೂ ಇಲ್ಲ ಎಂದೆ.

ಮಗ್ಗಗಳು ನಿಂತವೆಂದು ಹೆದರಿ ಅದು ಬಡಿಯತೊಡಗಿತೋ, ಬೆಳಗಿನಿಂದ ಬಡಿಯುತ್ತಲೇ ಇದ್ದದ್ದು ನಮಗೆ ಕೇಳಿಸಲಿಲ್ಲವೋ, ನನಗೆ ಗೊತ್ತಿಲ್ಲ.