ಮುಂದಿನ ಲಾರಿ ಬಿಡಬೇಡ

ಮಿಲ್ಟ್ರಿ ಬಿಟ್ಟು ಬಂದು ಲಾರಿ ಹತ್ತಿದವರಿಗೆ ಇಂಥ ಎಡವಟ್ಟುಗಳು ಆಗುತ್ತಲೇ ಇರುತ್ತವೆ. ಗುಬ್ಬಿ ಬಸ್ ಸ್ಟ್ಯಾಂಡ್ ಹತ್ತಿರದ ಟೀ ಅಂಗಡಿಯಲ್ಲಿ ನನ್ನಂಥವರು ಮೂರು ಜನ ಸೇರಿದರೆ ಬೇರೆ ಮಾತೇ ಇರುತ್ತಿರಲಿಲ್ಲ. ಕೇಳುವವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಮಗೆ ಹೊಟ್ಟೆಪಾಡಿನ ಚಿಂತೆ.

ಎಪ್ಪತ್ತರ ದಶಕದ ಕೊನೆಯಲ್ಲಿ, ಸೈನ್ಯದಲ್ಲಿ ಹದಿನೈದು ವರ್ಷ ಲಾರಿ ಓಡಿಸಿ ಊರಿಗೆ ಬಂದೆ. ಬರುವ ಹೊತ್ತಿಗಾಗಲೇ ನನ್ನ ಭಾವಮೈದ ತುಮಕೂರಿನ ಸತ್ಯಮಂಗಲದಲ್ಲಿ ಒಂದು ಎಣ್ಣೆ ಮಿಲ್ಲಿನ ವಾಚ್‌ಮನ್ ಕೆಲಸ ನೋಡಿಟ್ಟಿದ್ದ. ಮಾಜಿ ಸೈನಿಕ ಅಂದರೆ ಲೋಕಕ್ಕೆ ಹೊಳೆಯುವುದು ಗೇಟು ಒಂದೇ. "ಸ್ಟೇರಿಂಗ್ ಹಿಡಿದ ಕೈಲಿ ಗೇಟು ತಳ್ಳಲ್ಲ ಕಣೋ" ಅಂದೆ. "ಆಗ್ಲಿ ಬುಡಿ ಭಾವ, ಆ ಕೆಲ್ಸ ಎಲ್ಲೂ ಓಡೋಗಲ್ಲ" ಅಂದ. ಆ ಮಾತು ಕೇಳಿ ಮಾರನೇ ದಿನವೇ ಲಾರಿ ಕೆಲಸ ಹುಡುಕಿಕೊಂಡು ಹೊರಟೆ.

ಎಮ್ಮೆ ಪರೀಕ್ಷೆ

ಗುಬ್ಬಿಯಲ್ಲಿ ತೆಂಗಿನಕಾಯಿ ವ್ಯಾಪಾರದ ಸಾಹುಕಾರರೊಬ್ಬರ ಹತ್ತಿರ ಎರಡು ಲಾರಿ ಇದ್ದವು. ಒಂದಕ್ಕೆ ಡ್ರೈವರ್ ಬೇಕಿತ್ತು. ಹೋಗಿ ಅಟೆನ್ಷನ್‌ನಲ್ಲಿ ನಿಂತೆ.

"ಏನಪ್ಪಾ, ಎಕ್ಸ್‌ಪೀರಿಯನ್ಸ್ ಇದ್ಯಾ?"

"ಹದಿನೈದು ವರ್ಷ ಸಾವ್ಕಾರ್ರೆ. ಹಿಮದ ಬೆಟ್ಟದಲ್ಲಿ ಓಡ್ಸಿದೀನಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ."

"ಅಲ್ಲಿ ಎಮ್ಮೆ ಅಡ್ಡ ಬರ್ತಾವಾ?"

"ಇಲ್ಲ."

"ರೋಡ್ ಮೇಲೆ ಹುರುಳಿ ಹರಡಿರ್ತಾರಾ? ಎದುರಿಂದ ಬಸ್ಸು ನಮ್ ಸೈಡಲ್ಲೇ ಬರ್ತದಾ?"

"ಇಲ್ಲ ಸಾವ್ಕಾರ್ರೆ."

ಸಾಹುಕಾರರು ಗುಮಾಸ್ತನ ಕಡೆ ತಿರುಗಿದರು. "ಎಕ್ಸ್‌ಪೀರಿಯನ್ಸ್ ಇಲ್ಲ. ಹೊಸಬರ ಸಂಬಳ ಹಾಕು."

ಬ್ರೇಕು

ಸೈನ್ಯದಲ್ಲಿ ಬೆಳಿಗ್ಗೆ ಗಾಡಿಯ ಒಂದೊಂದು ನಟ್ಟನ್ನೂ ಮುಟ್ಟಿ ನೋಡದೆ ಸ್ಟಾರ್ಟ್ ಮಾಡುವ ಹಾಗಿಲ್ಲ. ಮೊದಲ ದಿನ ಅದೇ ಅಭ್ಯಾಸದಲ್ಲಿ ಲಾರಿ ಕೆಳಗೆ ತೂರಿ ನೋಡಿದರೆ ಬ್ರೇಕ್ ಎಣ್ಣೆ ಸೋರುತ್ತಿತ್ತು. ಸೀದಾ ಸಾಹುಕಾರರ ಹತ್ತಿರ ಓಡಿದೆ.

"ಸಾವ್ಕಾರ್ರೆ, ಬ್ರೇಕ್ ಸರಿಯಾಗಿ ಹಿಡೀತಿಲ್ಲ. ಗಾಡಿ ತೆಗೆಯೋ ಹಾಗಿಲ್ಲ."

"ಗೊತ್ತಪ್ಪ."

"ಗೊತ್ತಾ?"

"ಬ್ರೇಕ್ ಸರಿಯಾಗಿದ್ದಿದ್ರೆ ಯಾರ್ ಬೇಕಾದ್ರೂ ಓಡಿಸ್ತಿದ್ರು ಕಣಯ್ಯ. ಮಿಲ್ಟ್ರಿಯವನ್ನ ಯಾಕ್ ಇಟ್ಕೋತಿದ್ದೆ?"

ಆರು ಗಂಟೆ

ಒಂದು ದಿನ ಸಾಹುಕಾರರು ಹೇಳಿದರು: "ನಾಳೆ ಬೆಳಿಗ್ಗೆ ಆರಕ್ಕೆ ಸರ್ಯಾಗಿ ಗಾಡಿ ಕುಣಿಗಲ್ಲಿಗೆ ಹೊರಡ್ಬೇಕು. ಒಂದ್ ನಿಮಿಷ ಆಚೆ ಈಚೆ ಆಗ್ಬಾರ್ದು."

ಊರಲ್ಲಿ ಆರು ಗಂಟೆ ಅಂದರೆ ಎಂಟೂವರೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಐದಕ್ಕೇ ಬಂದು ಕೂತೆ. ಆರಾಯಿತು. ಕಾಯಿ ತುಂಬಬೇಕಾದ ಹಮಾಲಿಗಳು ಇನ್ನೂ ಟೀ ಅಂಗಡಿಯಲ್ಲಿ ಬೀಡಿ ಸೇದುತ್ತಿದ್ದರು. ಹದಿನೈದು ವರ್ಷ ಆರ್ಡರಿಗೆ ಎದುರು ಮಾತಾಡಿ ಗೊತ್ತಿಲ್ಲದ ಮೈ ಇದು. ಗಾಡಿ ಹೊರಡಬೇಕು ಅಂದಿದ್ದರು, ಹೊರಡಿಸಿದೆ. ಕಾಯಿಯ ವಿಚಾರ ದೊಡ್ಡವರು ಏನೋ ಯೋಚಿಸಿರುತ್ತಾರೆ ಅಂದುಕೊಂಡೆ.

ಕುಣಿಗಲ್‌ನ ಕಾಯಿ ಮಂಡಿಯವರು ಲಾರಿಯ ಹಿಂದೆ ಹೋಗಿ ಇಣುಕಿ ನೋಡಿ ಬಂದರು. "ಕಾಯಿ ಎಲ್ರೀ?"

"ಹಿಂದೆ ಬರ್ತದೆ."

"ಯಾವುದ್ರಲ್ಲಿ?"

ನಾನೂ ಹಿಂದೆ ಹೋಗಿ ಒಂದು ಸಲ ಇಣುಕಿ ನೋಡಿದೆ.

ಮುಂದಿನ ಲಾರಿ

ಸಾಹುಕಾರರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇನ್ನೊಂದ್ ಸಲ ಹಿಂಗಾದ್ರೆ ಕೀಲಿಕೈ ಇಟ್ಟು ಹೋಗ್ತಾ ಇರು" ಅಂದರು. ಮನೆಯಲ್ಲಿ ಹೆಂಡತಿ, "ಎಲ್ಲಾರ ಗಂಡಂದ್ರೂ ಲೋಡ್ ತುಂಬ್ಕೊಂಡು ಹೋಗ್ತಾರೆ ಕಣ್ರೀ" ಅಂದು ಮುಖ ತಿರುಗಿಸಿದಳು. ಅವಳ ತಮ್ಮ ಬಂದು ವಾಚ್‌ಮನ್ ಕೆಲಸ ಇನ್ನೂ ಖಾಲಿ ಇದೆ ಅಂತ ಜ್ಞಾಪಿಸಿ ಹೋದ. ಇನ್ನೊಂದು ತಪ್ಪಾದರೆ ನನಗೆ ಗೇಟೇ ಗತಿ.

ಮುಂದಿನ ವಾರ ಎರಡೂ ಲಾರಿಗೆ ಕಾಯಿ ತುಂಬಿದರು, ಮತ್ತೆ ಕುಣಿಗಲ್ಲಿಗೇ. ಮುಂದಿನ ಹಸಿರು ಲಾರಿಗೆ ಹಿರಿಯ ಡ್ರೈವರ್ ಸಾಬರು. ಸಾಹುಕಾರರು ನನಗೆ ಹೇಳಿದರು: "ಮುಂದಿನ ಲಾರಿ ಬಿಡಬೇಡ. ಸಾಬ್ರು ನಿಂತ್ರೆ ನಿಲ್ಲು, ತಿರುಗಿದ್ರೆ ತಿರುಗು. ನಿನ್ ತಲೆ ಮಾತ್ರ ಓಡಿಸ್ಬೇಡ."

ನನಗೆ ಹೋದ ಜೀವ ಬಂದ ಹಾಗಾಯಿತು. ಇದು ಕಾನ್ವಾಯ್! ಸಾಲಿನಲ್ಲಿ ಮುಂದಿನ ಗಾಡಿ ಹಿಡಿದು ಹೋಗುವುದೇ ನಾನು ಜೀವಮಾನವೆಲ್ಲ ಮಾಡಿದ್ದು. ಅಳತೆಯ ದೂರ ಇಟ್ಟುಕೊಂಡು, ಹಾಡು ಗುನುಗುತ್ತಾ ಹೊರಟೆ.

ಹೆಬ್ಬೂರಿನಲ್ಲಿ ಸಂತೆ. ಎತ್ತಿನ ಗಾಡಿ, ಬಸ್ಸು ಎಲ್ಲ ನಡುವೆ ನುಗ್ಗಿದವು. ದಾರಿ ಬಿಡಿಸಿಕೊಂಡು ಹೋಗಿ ನೋಡಿದರೆ, ದೇವರು ದೊಡ್ಡವನು, ಮುಂದೆ ಅದೇ ಹಸಿರು ಲಾರಿ, ಮೇಲೆ ಅದೇ ಟಾರ್ಪಾಲು. ಹಿಡಿದುಕೊಂಡೆ.

ಕುಣಿಗಲ್ ಬಂತು, ಮುಂದಿನ ಲಾರಿ ನಿಲ್ಲಲಿಲ್ಲ. ಎಡಗಡೆ ಮಂಡಿ ಬಂದು ಹಿಂದಾಯಿತು. ನಿಲ್ಲಿಸೋಣ ಅನ್ನಿಸಿತು. ಆದರೆ ತಲೆ ಓಡಿಸಬೇಡ ಅಂದಿದ್ದರಲ್ಲ. ಓಡಿಸಲಿಲ್ಲ.

ಹುಲಿಯೂರುದುರ್ಗದ ಬೆಟ್ಟ ಕಂಡಿತು. ಲಾರಿ ಒಂದು ಬೀದಿಗೆ ತಿರುಗಿ, ಚಪ್ಪರ ಹಾಕಿದ ಮನೆ ಮುಂದೆ ನಿಂತಿತು. ನಾನೂ ನಿಂತೆ. ಅದರಿಂದ ಇಳಿದವನು ಸಾಬರಲ್ಲ, ಯಾರೋ ಗುಂಗುರು ಕೂದಲಿನ ಹುಡುಗ. ಟಾರ್ಪಾಲು ಸರಿಸಿದರೆ ಒಳಗೆ ಮದುವೆಯ ಹಂಡೆ, ಕೊಪ್ಪರಿಗೆ.

ನಾನು ಬಾಯಿ ತೆರೆಯುವ ಮೊದಲೇ ಜನ ನನ್ನ ಲಾರಿ ಹತ್ತಿದ್ದರು. "ಗಂಡಿನ ಕಡೆಯೋರು ಲೋಡ್‌ಗಟ್ಲೆ ಕಾಯಿ ಕಳಿಸವ್ರೆ ಕಣ್ರಪ್ಪೋ!"

"ನಮ್ದಲ್ಲ ಸ್ವಾಮಿ, ದಾರಿ ತಪ್ಪಿದೀನಿ!" ಅಂತ ಕಿರುಚಿದೆ. ವಾಲಗದವರು ಊದಲು ಶುರು ಮಾಡಿದರು. ನನ್ನ ಮಾತು ಅವರ ಕಿವಿಗೆ ಬೀಳುವ ಹೊತ್ತಿಗೆ ಅರ್ಧ ಲೋಡು ಇಳಿದು, ಒಂದಷ್ಟು ಪಾಯಸಕ್ಕೆ ತುರಿದಾಗಿತ್ತು, ಮಿಕ್ಕಿದ್ದು ತಾಂಬೂಲದ ಚೀಲ ಸೇರುತ್ತಿತ್ತು.

ಸಾಬರು ಕುಣಿಗಲ್ಲಿನಿಂದ ಫೋನ್ ಮಾಡಿ, ಸಾಹುಕಾರರನ್ನು ಕರೆಸಿಕೊಂಡು, ಹುಡುಕುತ್ತಾ ಬಂದರು. ಹೆಣ್ಣಿನ ತಂದೆ ಸಾಹುಕಾರರ ಕೈ ಹಿಡಿದುಕೊಂಡು, ನೆಂಟರೆಲ್ಲರ ಎದುರಿಗೆ, "ಸಂಬಂಧ ಇಲ್ದಿದ್ರೂ ಕಾಯಿ ಕಳಿಸಿದ ಪುಣ್ಯಾತ್ಮರು ಇವ್ರೇ" ಅಂತ ಹಾರ ಹಾಕಿಬಿಟ್ಟರು. ಹಾರ ಹಾಕಿಸಿಕೊಂಡವರು ಕಾಯಿ ವಾಪಸ್ ಕೊಡಿ ಅನ್ನುವುದು ಹೇಗೆ? ಪಂಕ್ತಿಯಲ್ಲಿ ಕೂತು ಉಂಡರು. ಹೊರಡುವಾಗ ತಾಂಬೂಲ ಕೊಟ್ಟರು. ಚೀಲದೊಳಗೆ ಒಂದು ಕಾಯಿ. ಸಾಹುಕಾರರು ಅದನ್ನು ಆಚೆ ತೆಗೆದು, ತಿರುಗಿಸಿ ತಿರುಗಿಸಿ ನೋಡಿ, ನನ್ನ ಕಡೆ ಕೈ ಚಾಚಿದರು. ಕೀಲಿಕೈ ಕೊಟ್ಟೆ.

ಆಮೇಲೆ ಸತ್ಯಮಂಗಲದ ಎಣ್ಣೆ ಮಿಲ್ಲಿನ ಗೇಟು. ಖಾಕಿ ಬಟ್ಟೆ, ಬಾಯಲ್ಲಿ ಸೀಟಿ. ಕಣ್ಣೆದುರು ಲಾರಿಗಳು ಹೋಗುವಾಗ ನನ್ನ ಬಲಗಾಲು ತಾನಾಗೇ ಆಕ್ಸಿಲರೇಟರ್ ಹುಡುಕುತ್ತಿತ್ತು. ಅಳು ಬರುತ್ತಿತ್ತು, ಸೀಟಿ ಊದುತ್ತಿದ್ದೆ.

ಒಂದು ದಿನ ಕೊಬ್ಬರಿ ತುಂಬಿದ ಹಸಿರು ಲಾರಿ ಗೇಟಿಗೆ ಬಂತು. ಸ್ಟೇರಿಂಗಿನಲ್ಲಿ ಸಾಬರು, ಪಕ್ಕದಲ್ಲಿ ಸಾಹುಕಾರರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗೇಟು ತಳ್ಳಿ, ಅಭ್ಯಾಸಬಲದಿಂದ ಸೆಲ್ಯೂಟ್ ಹೊಡೆದೆ.

ಸಾಹುಕಾರರು ಕಿಟಕಿಯಿಂದ ಬಗ್ಗಿ ನನ್ನನ್ನೂ ಗೇಟನ್ನೂ ನೋಡಿದರು. "ಒಳ್ಳೇದಾಯ್ತು ಬಿಡಪ್ಪ" ಅಂದರು. "ಇದು ಎಲ್ಗೂ ಹೋಗಲ್ಲ, ನೀನೂ ದಾರಿ ತಪ್ಪಲ್ಲ."