ವರ್ಲಿನ್‌ನ ಬಂದೂಕಿಗೆ ಮೆತ್ತನೆ ಕೇಪು

'ಟಿಕ್' ಎಂದಿತು ಬಂದೂಕು. ಅಷ್ಟೇ.

ಎಂಬತ್ತು ಗಜ ದೂರದಲ್ಲಿ ಹಿಮ ಕೆದರುತ್ತಿದ್ದ ಕುದುರೆಯಷ್ಟು ದೊಡ್ಡ ಜಿಂಕೆ, ಗಂಡು ಎಲ್ಕ್, ತಲೆಯೆತ್ತಿ ವರ್ಲಿನ್ ಹಾಗ್‌ಸ್ಟಡ್‌ನನ್ನು ನೋಡಿತು. ಸಿಡಿಯದ ತೋಟಾ ತಡವಾಗಿಯಾದರೂ ಸಿಡಿದೀತು, ಮೂವತ್ತು ಎಣಿಸುವ ತನಕ ಬಂದೂಕು ಅಲುಗಿಸಬಾರದು ಎನ್ನುವುದು ಪೈಕ್ ಕ್ರೀಕ್ ಊರಿನ ಮಕ್ಕಳಿಗೂ ಗೊತ್ತು. ವರ್ಲಿನ್ ಎಣಿಸಿದ. ಹನ್ನೆರಡಕ್ಕೆ ಎಲ್ಕ್ ಮೈ ಕೊಡವಿತು, ಇಪ್ಪತ್ತಕ್ಕೆ ಬೇಲಿ ಹಾರಿತು, ಮೂವತ್ತಕ್ಕೆ ಪೈನ್ ಮರಗಳ ನಡುವೆ ಮಾಯವಾಯಿತು.

ಗಂಡು ಎಲ್ಕ್ ಹೊಡೆಯುವ ಪರವಾನಗಿಗೆ ಅವನು ಒಂಬತ್ತು ವರ್ಷ ಅರ್ಜಿ ಹಾಕಿದ್ದ. ಈ ಸಲ ಕೊನೆಗೂ ಚೀಟಿಯಲ್ಲಿ ಅವನ ಹೆಸರು ಬಂದಿತ್ತು. ಬೇಟೆಯ ಕಾಲ ಇವತ್ತು ಸೂರ್ಯ ಮುಳುಗಿದರೆ ಮುಗಿಯಿತು. ಹೆಂಡತಿ ಆರ್ಲಿಸ್ ಆಗಲೇ ಫ್ರೀಜರ್ ಖಾಲಿ ಮಾಡಿ, ಒರೆಸಿ, ಚಳಿಗಾಲದ ಮಾಂಸಕ್ಕೆ ಜಾಗ ಮಾಡಿಟ್ಟಿದ್ದಳು.

ವರ್ಲಿನ್ ಮಾಡಿದ ತಪ್ಪು ಒಂದೇ. ಮನೆಗೆ ಬರುವಾಗ ಪಕ್ಕದ ಮನೆಯ ಡೆಲ್ಮರ್‌ಗೆ "ಟಿಕ್ ಅಂತಪ್ಪಾ" ಎಂದುಬಿಟ್ಟ. ಹನ್ನೊಂದು ಗಂಟೆಗೆ ಅವನ ಗ್ಯಾರೇಜಿನಲ್ಲಿ ಅವನಿಗೇ ನಿಲ್ಲಲು ಜಾಗವಿರಲಿಲ್ಲ.

ಡೆಲ್ಮರ್ ಕನ್ನಡಕ ಏರಿಸಿ, ವರ್ಲಿನ್ ಮನೆಯಲ್ಲೇ ತುಂಬಿದ್ದ ಆ ತೋಟಾದ ಬುಡದ ಕೇಪನ್ನು, ಮದ್ದಿಗೆ ಕಿಡಿ ಕೊಡುವ ಪುಟ್ಟ ಬಿಲ್ಲೆಯನ್ನು, ನೋಡಿದ. "ಗಟ್ಟಿ ಕೇಪು ಕಣಯ್ಯಾ ಇದು. ನಿಮ್ಮಜ್ಜನ ಬಂದೂಕಿನ ಸ್ಪ್ರಿಂಗು ಮುದಿಯಾಗಿದೆ. ಮೊಳೆ ಕೇಪಿಗೆ ಬಡೀತಿಲ್ಲ, ಸುಮ್ನೆ ಸವರ್ತಾ ಇದೆ. ಮೆತ್ತನೆ ಕೇಪು ಹಾಕು."

"ಮೆತ್ತನೇದಂತೆ! ಕೂರಿಸಿದ್ದೇ ಸರಿಯಿಲ್ಲ," ಎಂದ ಎದುರು ಮನೆಯ ಕ್ಲೀಟಸ್. "ಕೇಪು ತಳ ಮುಟ್ಟದೇ ಇದ್ರೆ ಮೊಳೆ ಪೆಟ್ಟೆಲ್ಲ ಅದನ್ನ ಒಳಗೆ ತಳ್ಳೋದಕ್ಕೇ ಖರ್ಚಾಗುತ್ತೆ."

ಚರ್ಚಿನಿಂದ ನೇರ ಬಂದ ಅದೇ ಬೀದಿಯ ಮುದುಕಿ ಬರ್ನೀಸ್ ಬೇಯಿಸಿದ ಆಲೂಗಡ್ಡೆಯ ತಟ್ಟೆಯನ್ನು ಕೆಳಗಿಡುವ ಮೊದಲೇ ಕೇಳಿದಳು: "ಬರಿಗೈಲಿ ಮುಟ್ಟಿದ್ಯೇನೋ? ಬೇಕನ್ ತಿಂದ ಕೈಯಲ್ಲಿ? ಬೆರಳ ಜಿಡ್ಡು ತಾಗಿದ್ರೆ ಕೇಪು ಸತ್ತೇ ಹೋಗುತ್ತೆ."

"ನಾನಿನ್ನೂ ಏನೂ ತಿಂದೇ ಇಲ್ಲ," ಎಂದ ವರ್ಲಿನ್. "ಡೆಲ್ಮರ್, ಇವತ್ತೊಂದಿನ ನಿನ್ನ ಬಂದೂಕು ಕೊಡು ಮಾರಾಯ. ಹೋಗಿಬರ್ತೀನಿ."

"ಕೊಡ್ತೀನಿ, ಅದಕ್ಕೇನು! ಆದ್ರೆ ನಿನ್ನ ಬಂದೂಕಿಗೆ ಏನು ರೋಗ ಅಂತ ಗೊತ್ತಾಗೋದು ಬೇಡ್ವಾ?"

ಬೇಡ ಎನ್ನಬೇಕೆಂದು ವರ್ಲಿನ್‌ಗೆ ಬಹಳ ಅನ್ನಿಸಿತು. ಅಷ್ಟರಲ್ಲಿ ಮೂವರೂ ತಮ್ಮ ತಮ್ಮ ಮನೆಯಿಂದ ಕೇಪಿನ ಡಬ್ಬಿ ತಂದಾಗಿತ್ತು. ತೋಟಾದ ಖಾಲಿ ಹಿತ್ತಾಳೆ ಕೊಳವೆಗೆ ಬರೀ ಕೇಪು ಕೂರಿಸಿ, ಬಂದೂಕಿಗೆ ಹಾಕಿ, ಮರಳಿನ ಬಕೆಟ್ಟಿಗೆ ಗುರಿಯಿಟ್ಟು ಒಂದೊಂದೇ ಹೊಡೆದು ನೋಡತೊಡಗಿದರು. ಟಪ್. ಟಿಕ್. ಟಪ್. ಕ್ಲೀಟಸ್‌ನ ಕೇಪು ಹತ್ತಕ್ಕೆ ನಾಲ್ಕು ಸಿಡಿಯಿತು. ಬರ್ನೀಸಳದು ಒಂಬತ್ತು. ಸಿಡಿಯದ ಆ ಒಂದಕ್ಕೆ, ಬಾಗಿಲು ತೆಗೆದು ಚಳಿ ಒಳಗೆ ಬಿಟ್ಟ ವರ್ಲಿನ್‌ನೇ ಕಾರಣ ಎಂದು ತೀರ್ಮಾನವಾಯಿತು. ಡೆಲ್ಮರ್‌ನದು ಹತ್ತಕ್ಕೆ ಹತ್ತು.

"ಅದೃಷ್ಟ!" ಎಂದ ಕ್ಲೀಟಸ್. "ಇನ್ನು ಹತ್ತು ಹೊಡಿ, ನೋಡೋಣ."

ವರ್ಲಿನ್ ಕೈಹಾಕಲು ಹೋದಾಗಲೆಲ್ಲ "ನೀನು ಸುಮ್ನಿರಪ್ಪಾ" ಎಂದರು. ಅವನು ಮೂರು ಸಲ ಕಾಫಿ ಮಾಡಿದ. ವೃದ್ಧಾಶ್ರಮದ ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಆರ್ಲಿಸ್ ಕೆದರಿದ ತಲೆಯಲ್ಲೇ ಎದ್ದು ಬಂದಳು.

"ಏನು, ಎಲ್ಕ್ ಗ್ಯಾರೇಜಿಗೇ ಬಂತಾ?"

ಡೆಲ್ಮರ್ ಇನ್ನೊಂದು ಕೇಪು ಕೂರಿಸಿದ. ಗಂಟೆ ಮೂರಾಗಿತ್ತು, ನಾಲ್ಕೂವರೆಗೆ ಸೂರ್ಯ ಮುಳುಗುತ್ತಿದ್ದ.

"ನಿಮ್ಮ ದಮ್ಮಯ್ಯ," ಎಂದ ವರ್ಲಿನ್. "ಐದೇ ಐದು ತೋಟಾ ಮಾಡಿಕೊಡಿ. ನನ್ನನ್ನ ಬಿಟ್ಬಿಡಿ."

ಮೂವರಿಗೂ ಪಾಪ ಎನ್ನಿಸಿತು. ಡೆಲ್ಮರ್ ತನ್ನ ಮೆತ್ತನೆ ಕೇಪನ್ನು ಕೈಗವಸು ಹಾಕಿಕೊಂಡೇ ಕೂರಿಸಿದ. ಸರಿಯಾಗಿ ಕೂತಿದೆಯೇ ಎಂದು ಬರ್ನೀಸ್ ಪ್ರತಿಯೊಂದರ ಬುಡ ನೋಡಿದಳು. ಹತ್ತಕ್ಕೆ ಹತ್ತು ಅದೃಷ್ಟವೇ ಎಂದು ವಾದಿಸುತ್ತಲೇ ಕ್ಲೀಟಸ್ ಕೊಳವೆಯ ಬಾಯಿಗೆ ಗುಂಡು ಒತ್ತಿದ.

"ನಾನೊಂದ್ಸಲ ನೋಡ್ಲಾ?" ಎಂದ ವರ್ಲಿನ್.

"ಕೈ ಹಾಕಿದ್ರೆ ನೋಡು!" ಎಂದು ಮೂವರೂ ಗದರಿದರು. ಇಡೀ ದಿನದಲ್ಲಿ ಅವರು ಒಮ್ಮತಕ್ಕೆ ಬಂದದ್ದು ಅದೊಂದೇ ಮಾತಿಗೆ.

ವರ್ಲಿನ್ ಗುಡ್ಡ ಹತ್ತುವಷ್ಟರಲ್ಲಿ ಸೂರ್ಯ ಪೈನ್ ಮರಗಳ ತುದಿಗೆ ಇಳಿದಿದ್ದ. ಆದರೂ ದೇವರು ದೊಡ್ಡವನು. ಅರವತ್ತು ಗಜದಲ್ಲಿ, ಅಡ್ಡಡ್ಡ ನಿಂತು, ಬೆಳಗಿನದಕ್ಕಿಂತ ಭಾರೀ ಕೊಂಬಿನ ಗಂಡು ಎಲ್ಕ್! ಕಣ್ಣಲ್ಲಿ ನೀರು ಬಂತು ಅವನಿಗೆ. ಉಸಿರು ಬಿಗಿಹಿಡಿದು ಟ್ರಿಗರ್ ಎಳೆದ.

'ಟಪ್.'

ಬಂದೂಕು ಭುಜಕ್ಕೆ ಒದೆಯಲಿಲ್ಲ. ಎಲ್ಕ್ ಕಿವಿ ನಿಮಿರಿಸಿತು, ಏನೂ ಬರದಿದ್ದುದನ್ನು ಕಂಡು ಮತ್ತೆ ಮೇಯತೊಡಗಿತು.

ವರ್ಲಿನ್ ಮೂವತ್ತು ಎಣಿಸಿ, ಉಳಿದ ನಾಲ್ಕು ತೋಟಾಗಳನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದ. ಒಂದರಲ್ಲೂ ಮದ್ದಿನ ಸದ್ದಿಲ್ಲ. ಬೆಳಗಿನಿಂದ ಬರೀ ಕೇಪು ಸಿಡಿಸಿ ಸಿಡಿಸಿ, ಮದ್ದು ತುಂಬಬೇಕೆನ್ನುವುದು ಮೂವರಲ್ಲಿ ಒಬ್ಬರಿಗೂ ನೆನಪಾಗಿರಲಿಲ್ಲ. ಬರೀ ಕೇಪಿನ ಬಲಕ್ಕೆ ಹೊರಟ ಗುಂಡು ನಳಿಗೆಯೊಳಗೇ ಸಿಕ್ಕಿಕೊಂಡಿತ್ತು. ಇನ್ನು ಒಳ್ಳೆಯ ತೋಟಾ ಇದ್ದರೂ ಹೊಡೆಯುವ ಹಾಗಿರಲಿಲ್ಲ. ಅವನು ಹಿಮದಲ್ಲೇ ಕುಳಿತುಬಿಟ್ಟ.

ಜೇಬಿನಲ್ಲಿ ಫೋನು ನಡುಗಿತು. ಡೆಲ್ಮರ್.

"ಸಿಡೀತೇನೋ ಕೇಪು?"

"ಸಿಡೀತು," ಎಂದ ವರ್ಲಿನ್.

ಗ್ಯಾರೇಜಿನಲ್ಲಿ ಹೋ ಎಂದು ಕೇಕೆ ಎದ್ದಿತು. "ನಾನ್ ಹೇಳ್ಲಿಲ್ವಾ!" ಎಂದು ಮೂವರೂ ಒಟ್ಟಿಗೇ ಕೂಗುತ್ತಿದ್ದರು. ಯಾರೋ ಮೇಜು ಬಡಿದರು. ಆ ಗದ್ದಲದ ನಡುವೆ ಆರ್ಲಿಸ್ ಫೋನು ಕಿತ್ತುಕೊಂಡಳು. ಅವಳ ದನಿ ಇಷ್ಟು ಖುಷಿಯಾಗಿ ಕೇಳಿ ಎಷ್ಟೋ ದಿನವಾಗಿತ್ತು.

"ವರ್ಲಿನ್! ಎಷ್ಟು ದೊಡ್ಡದು?"

ಎಲ್ಕ್ ಮೇಯುತ್ತ ಮೇಯುತ್ತ ಇಪ್ಪತ್ತು ಗಜಕ್ಕೆ ಬಂದಿತ್ತು. ವರ್ಲಿನ್ ಅದನ್ನು ಕೊಂಬಿನಿಂದ ಗೊರಸಿನ ತನಕ ನೋಡಿದ.

"ತುಂಬಾ ದೊಡ್ಡದು," ಎಂದ.